ಯಾರೂ ‘ನಮ್ಮದು’ ಅನ್ನದ ಕಾರ್ಖಾನೆ

ಮೊನ್ನೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಕಾದ ಕಬ್ಬಿಣ, ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಇದೇ ಜಪಾನಿನ ಕಾವಾಸಾಕಿ ನಗರದಲ್ಲಿದ್ದಾಗಿನ ನನ್ನ ಮನೆ ಮಾಲೀಕರು ನೆನಪಾದರು. ಕೆಳಗೆ ಅವರ ಸ್ಪ್ರಿಂಗ್ ಕಾರ್ಖಾನೆ, ಮೇಲೆ ನನ್ನ ಬಾಡಿಗೆ ಕೋಣೆ. ಕೆಲಸಗಾರರು ಅವರನ್ನು ಶಾಚೋ, ಅಂದರೆ ಯಜಮಾನರು, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಕೊರೋನಾ ಕಾಲ. ನಾನು ಆನ್‌ಲೈನ್ ಮೀಟಿಂಗಿನಲ್ಲಿ ಬಾಸ್‌ಗೆ ‘ಯೆಸ್ ಸರ್’ ಎಂದಾಗಲೆಲ್ಲ ಕೆಳಗಿನ ಯಂತ್ರವೂ ‘ಟಕ್’ ಎಂದು ಒಪ್ಪಿಗೆ ಕೊಡುತ್ತಿತ್ತು.

ಶಾಚೋಗೆ ಮಕ್ಕಳಿರಲಿಲ್ಲ. ಕಾರ್ಖಾನೆಯನ್ನು ತಮ್ಮ ಮೂವರು ಕೆಲಸಗಾರರ ಹೆಸರಿಗೇ ಮಾಡಿಬಿಡಬೇಕೆಂದಿದ್ದರು. ಅದಕ್ಕೊಂದು ಸರ್ಕಾರಿ ಅನುದಾನವಿತ್ತು. ಅದು ಬಾರದಿದ್ದರೆ ಜಾಗ ಅಪಾರ್ಟ್‌ಮೆಂಟ್ ಕಟ್ಟುವವರ ಪಾಲು. ಅಧಿಕಾರಿ ಆನ್‌ಲೈನಿನಲ್ಲಿ ಕೆಲಸಗಾರರನ್ನೇ ಮಾತಾಡಿಸುವವರಿದ್ದರು.

ನನಗೆ ಮಿಮಿಕ್ರಿ ಬರುತ್ತದೆಂದು ಗೊತ್ತಾದದ್ದೇ ತಡ, ಶಾಚೋ ಊಟದ ಹೊತ್ತಿಗೆ ನನ್ನನ್ನು ಕರೆದು ತಾಲೀಮಿಗೆಂದು ಅಧಿಕಾರಿಯಾಗಿ ಕೂರಿಸಿದರು. ನನ್ನ ಜಪಾನಿ ಭಾಷೆ ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಬಾಗಿಲು ದಾಟದಂಥದ್ದು. ಆದರೆ ಮೂಗಿನಲ್ಲಿ ಮಾತಾಡುವುದು, ಉತ್ತರ ಕೊಡುವ ಮುಂಚೆ ಹಲ್ಲಿನ ಸಂದಿಯಿಂದ ಗಾಳಿ ಎಳೆಯುವುದು... ಅದನ್ನೆಲ್ಲ ವಾರ್ಡ್ ಆಫೀಸಿನ ಕ್ಯೂನಲ್ಲೇ ಕಲಿತಾಗಿತ್ತು.

“ಇನ್ನು ಮುಂದೆ ಇಲ್ಲಿ ತೀರ್ಮಾನ ಯಾರದು?” ಎಂದೆ.

“ನಮ್ಮದು!” ಮೂವರೂ ನಗುತ್ತ ಕೂಗಿದರು.

“ಇನ್ನೂ ಜೋರಾಗಿ! ಈ ಆಫೀಸರಿಗೆ ಕಿವಿ ಮಂದ,” ಎಂದರು ಶಾಚೋ.

ನಿಜವಾದ ಸಂದರ್ಶನದ ದಿನ ಶಾಚೋ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೆಲಸಗಾರರ ಪಕ್ಕದಲ್ಲೇ ಕೂತರು. ಅಧಿಕಾರಿ ಅದೇ ಪ್ರಶ್ನೆ ಕೇಳಿದರು. ಹಿರಿಯ ಕೆಲಸಗಾರರು ಶಾಚೋ ಕಡೆಗೆ ತಲೆಬಾಗಿ, “ಎಲ್ಲ ಶಾಚೋ ಹೇಳಿದ ಹಾಗೆ,” ಎಂದರು. ಎರಡನೆಯವರೂ ಹಾಗೇ ಅಂದರು. ಮೂರನೆಯವರೂ... ನಾನು ಕ್ಯಾಮೆರಾದ ಹಿಂದೆ ನಿಂತು ಕೋತಿಯ ಹಾಗೆ ಕೈಕಾಲು ಆಡಿಸಿದ್ದೊಂದೇ ಬಂತು. ಒಡೆತನ ನಿಜವಾಗಿ ಕೈ ಬದಲಾಗುವಂತೆ ಕಾಣುವುದಿಲ್ಲವೆಂದು ಅರ್ಜಿ ತಿರಸ್ಕರಿಸಿದರು. ಯಜಮಾನರ ಎದುರಿಗೆ ಇಲ್ಲಿ ಯಾರೂ ‘ನಮ್ಮದು’ ಅನ್ನುವುದಿಲ್ಲವೆಂದು ಆ ಅಧಿಕಾರಿಗಾದರೂ ಗೊತ್ತಿರಬೇಡವೇ? ಇಲ್ಲೇ ಹುಟ್ಟಿ ಬೆಳೆದವರಲ್ಲವೇ? ಈಗಲೂ ಮೈ ಉರಿಯುತ್ತದೆ.

“ಮುಂದಿನ ಸಲ ನೋಡೋಣ,” ಎಂದರು ಶಾಚೋ. ಅಷ್ಟರಲ್ಲಿ ಅವರಿಗೆ ಕೊರೋನಾ ಬಂತು... ಆಸ್ಪತ್ರೆಯಿಂದ ಹಿಂತಿರುಗಲಿಲ್ಲ. ಅವರ ಅಣ್ಣನ ಮಗ ಜಾಗ ಮಾರಿದ.

ಮೊನ್ನೆ ಸೈಕಲ್ ಅಂಗಡಿಯಲ್ಲಿ ಇದೆಲ್ಲ ನೆನಪಾದ ಮರುದಿನವೇ ಅಲ್ಲಿಗೆ ಹೋಗಿಬಂದೆ. ಈಗ ಅಲ್ಲಿರುವುದು ಅಪಾರ್ಟ್‌ಮೆಂಟ್. ಹಿರಿಯ ಕೆಲಸಗಾರರು ಅದರ ಗೇಟಿನಲ್ಲಿ ಕಾವಲಿಗಿದ್ದಾರೆ.

“ಅವತ್ತು ಯಾಕೆ ಹಾಗಂದಿರಿ?” ಕೇಳಿಯೇಬಿಟ್ಟೆ.

“ಶಾಚೋ ಪಕ್ಕದಲ್ಲೇ ಇದ್ದರಲ್ಲ... ಬೇಜಾರು ಮಾಡಿಕೊಂಡಾರು ಅಂತ.”

‘ನಮ್ಮದು’ ಎಂಬ ಆ ಒಂದು ಮಾತು ಕೇಳುವುದಕ್ಕೆಂದೇ ಶಾಚೋ ಕೋಟು ಹಾಕಿಕೊಂಡು ಕೂತಿದ್ದರು ಎನ್ನಲು ಬಾಯಿ ತೆರೆದೆ. ಅಪರೂಪಕ್ಕೆ ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.