ಜೂರಾಕಾನ್ ದಾಟಿಸಿದ ಪಾಲು

ಔತಣದಲ್ಲಿ ಕುರಿಯ ಯಾವ ತುಂಡು ಯಾರ ಮುಂದೆ ಬರುತ್ತದೆ ಎಂಬುದರಲ್ಲೇ ನಮ್ಮ ಚುಯ್ ಕಣಿವೆಯಲ್ಲಿ ಮನುಷ್ಯನ ಸ್ಥಾನ ತಿಳಿಯುತ್ತದೆ. ಸೊಂಟದ ಮೂಳೆ ಹಿರಿಯರಿಗೆ, ಪಕ್ಕೆಲುಬು ಲೆಕ್ಕಕ್ಕೆ ಬಾರದವರಿಗೆ. ಪರದೆ ಬಟ್ಟೆ ಮಾರುವ ಹೆಂಗಸು ಜೂರಾಕಾನ್ ಎರಡನ್ನೂ ತಿಂದವರು.

ಕೆಲವು ವರ್ಷಗಳ ಹಿಂದೆ ಬಜಾರಿನ ಬಾಡಿಗೆ ಏರಿದಾಗ, ಸಾಲು ಸಾಲು ಕಂಟೇನರ್ ಅಂಗಡಿಗಳಿಗೆ ಬೀಗ ಹಾಕಿಸಿ ರಸ್ತೆಯಲ್ಲಿ ಕೂತವರು ಅವರು. ಅದೇ ಹೊತ್ತಿಗೆ ರಾಜಧಾನಿ ಬಿಷ್ಕೆಕ್‌ನ ಹಿಟ್ಟಿನ ಗಿರಣಿ ಮಾಲೀಕನೊಬ್ಬ ವ್ಯಾಪಾರಿಗಳ ಪಕ್ಷ ಕಟ್ಟಿದ. ಹೆಸರು ‘ತರಾಜಾ’, ಗುರುತು ತಕ್ಕಡಿ. ತೆರಿಗೆ ಇಳಿಯಬೇಕು, ಇನ್‌ಸ್ಪೆಕ್ಟರುಗಳ ಕಾಟ ತಪ್ಪಬೇಕು ಎಂಬುದಷ್ಟೇ ಅದರ ಮಾತು. ನಮ್ಮೂರ ಪುರಸಭೆಯಲ್ಲಿ ಐದು ಸ್ಥಾನ ಗೆದ್ದಿತು. ಆ ವರ್ಷ ಯಾವ ಮನೆಗೆ ಹೋದರೂ ಜೂರಾಕಾನ್ ಮುಂದೆ ಸೊಂಟದ ಮೂಳೆ. ಗಂಡಸರು ಹುಬ್ಬೇರಿಸಿದರು.

ಆಮೇಲೆ ಗಿರಣಿ ಮಾಲೀಕ ಮಂತ್ರಿಯಾದ, ಪಕ್ಷವನ್ನು ಮರೆತ. ನಮ್ಮೂರ ಪಕ್ಷದ ಕಚೇರಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಐವರಲ್ಲಿ ಮೂವರು ಮೇಯರ್ ಕಡೆ ಹೋದರು. ಉಳಿದದ್ದು ಜೂರಾಕಾನ್ ಮತ್ತು ಟೈರ್ ವ್ಯಾಪಾರಿ ತುರುಸ್‌ಬೆಕ್.

ಈ ವಸಂತದಲ್ಲಿ ಬಜಾರನ್ನು ಊರಾಚೆಯ, ಬಸ್ಸು ಹೋಗದ ಬಯಲಿಗೆ ಸಾಗಿಸುವ ಪ್ರಸ್ತಾಪ ಬಂತು. ಇಬ್ಬರೂ ವಿರೋಧಿಸಿದರೆ ಅದು ಬೀಳುತ್ತಿತ್ತು. ಒಬ್ಬರು ಜಾರಿದರೂ ಪಾಸು. ತುರುಸ್‌ಬೆಕ್ ಕೆಲವು ದಿನಗಳಿಂದ ಜೂರಾಕಾನ್ ಮಾಡಿದ ಫೋನ್ ಎತ್ತುತ್ತಿರಲಿಲ್ಲ.

ಮತದಾನದ ಹಿಂದಿನ ಮಧ್ಯಾಹ್ನ ಮೇಯರ್ ಕಮ್ಚಿಬೆಕ್ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಶಾಸ್ತ್ರ. ಇಬ್ಬರನ್ನೂ ಕರೆದಿದ್ದ. ಎಲ್ಲರೂ ಕೈ ತೊಳೆದಾದ ಮೇಲೆ ಅವನೇ ಸೊಂಟದ ಮೂಳೆಯ ತಟ್ಟೆ ತಂದು ಜೂರಾಕಾನ್ ಮುಂದಿಟ್ಟ.

“ತಗೊಳ್ಳಿ ಅಕ್ಕ. ಈಚೆಗೆ ನಿಮ್ಗೆ ಬರೀ ಪಕ್ಕೆಲುಬೇ ಅಂತೆ.”

“ಹೌದು ತಮ್ಮ. ಕಡಿದು ಕಡಿದು ಹಲ್ಲು ಗಟ್ಟಿಯಾಗಿದೆ.”

ಒಂದಿಬ್ಬರು ನಕ್ಕರು. ಕಮ್ಚಿಬೆಕ್ ನಗಲಿಲ್ಲ. “ಹೊಸ ಬಜಾರಲ್ಲಿ ಮೊದಲನೇ ಸಾಲಲ್ಲೇ ನಿಮ್ಗೊಂದು ಜಾಗ ಇಟ್ಟಿದೀನಿ. ತಿನ್ನಿ, ಆರಿ ಹೋಗುತ್ತೆ.”

ಈಗ ತಿಂದರೆ ಪ್ರಸ್ತಾಪಕ್ಕೆ ಒಪ್ಪಿದಂತೆ. ತಟ್ಟೆ ಹಿಂದಕ್ಕೆ ತಳ್ಳಿದರೆ ಮಗುವಿನ ಮನೆಗೆ ಅವಮಾನ. ಆದರೆ ತನ್ನ ಪಾಲನ್ನು ಇನ್ನೊಬ್ಬರಿಗೆ ಮರ್ಯಾದೆಯಿಂದ ದಾಟಿಸಬಹುದು, ಅದಕ್ಕೆ ಮನೆಯವರು ಅಡ್ಡ ಬರುವಂತಿಲ್ಲ. ಜೂರಾಕಾನ್ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಎದುರಿಗಿದ್ದ ತುರುಸ್‌ಬೆಕ್ ಮುಂದಿಟ್ಟರು.

“ತಗೋಪ್ಪ. ನಾಳೆ ಇಡೀ ಬಜಾರು ನೋಡೋದು ನಿನ್ನ ಕೈನೇ.”

“ನಾನ್ಯಾಕಕ್ಕ, ನೀವು ಹಿರಿಯರು.”

“ಬೇಡ ಅನ್ಸಿದ್ರೆ ನೀನೂ ಮುಂದಕ್ಕೆ ದಾಟಿಸು.”

ತುರುಸ್‌ಬೆಕ್ ತಟ್ಟೆ ನೋಡಿದ, ಮೇಯರನ್ನು ನೋಡಿದ. ಕಮ್ಚಿಬೆಕ್ ತನ್ನ ಬಟ್ಟಲಿಗೆ ಚಹಾ ಬಗ್ಗಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿದ್ದ ಮುದುಕ ತಟ್ಟೆ ತನ್ನ ಕಡೆ ಬರಬಹುದೆಂದು ಮೊಣಕಾಲು ಸರಿಸಿ ಜಾಗ ಮಾಡಿದ. ತುರುಸ್‌ಬೆಕ್ ಚಾಕು ತೆಗೆದುಕೊಂಡ.

“ಚೆನ್ನಾಗಿ ಬೆಂದಿದೆ,” ಎಂದ.

ಮರುದಿನ ಪ್ರಸ್ತಾಪದ ಪರ ಎದ್ದ ಕೈಗಳಲ್ಲಿ ಅವನದೂ ಇತ್ತು. ಸಭೆಯ ಅಧ್ಯಕ್ಷ ಜೂರಾಕಾನ್ ಕಡೆ ತಿರುಗಿ, ಸ್ವಲ್ಪ ತಮಾಷೆಯಿಂದಲೇ, “ತರಾಜಾ ಪಕ್ಷದ ನಿಲುವೇನು?” ಎಂದ.

“ಪಕ್ಷ ಅಂದ್ರೆ ಈಗ ನಾನೊಬ್ಳೇ. ವಿರೋಧ ಅಂತ ಬರ್ಕೊಳ್ಳಿ.”

ಒಂದೇ ಮತದಿಂದ ಪ್ರಸ್ತಾಪ ಪಾಸಾಯಿತು. ಜೂರಾಕಾನ್ ಸಭೆ ಮುಗಿಯುವವರೆಗೂ ಕೂತಿದ್ದು, ಆಮೇಲೆ ಬಜಾರಿಗೆ ನಡೆದರು. ಅಲ್ಲಿ ಕಾದು ನಿಂತಿದ್ದವರಿಗೆ ಸುದ್ದಿಯನ್ನು ಅವರೇ ಹೇಳಬೇಕಿತ್ತು.