ಗೆಂಡೆ ಮೀನಿಗೆ ನಾನು ಮಾಡಿದ ಉಪಚಾರ

ತಿಕೋಟಾದ ನನ್ನ ಅಂಗಡಿಯಲ್ಲಿ, ಸುಟ್ಟ ಪಂಪ್ ಮೋಟಾರುಗಳ ನಡುವೆ, ಒಂದು ಗಾಳದ ಕೋಲು ಎಂಟು ತಿಂಗಳು ನಿಂತಿತ್ತು. ಮೋಟಾರಿಗೆ ತಂತಿ ಸುತ್ತಿಸಲು ಬಂದವರೆಲ್ಲ ಅದನ್ನು ನೋಡಿ, "ಮೀನಾ ಹಿಡಿತೀರೇನ್ರಿ?" ಎಂದು ಕೇಳುತ್ತಿದ್ದರು. ತಮ್ಮನದು ಎನ್ನುತ್ತಿದ್ದೆ. "ಅವರು ಬಿಟ್ಟಾರೇನ್ರಿ?" ಬಿಟ್ಟಿದ್ದಾನೆ ಎನ್ನುತ್ತಿದ್ದೆ. "ಯಾಕ್ರಿ?" ಎಂಬ ಪ್ರಶ್ನೆ ಬರುವ ಹೊತ್ತಿಗೆ ನನಗೆ ಯಾವುದಾದರೊಂದು ಮೋಟಾರು ತುರ್ತಾಗಿ ನೆನಪಾಗುತ್ತಿತ್ತು. ಆ ಎಂಟು ತಿಂಗಳು ಸುತ್ತಲಿನ ಊರುಗಳ ರೈತರಿಗೆ ಮೋಟಾರುಗಳು ಹೇಳಿದ ದಿನಕ್ಕಿಂತ ಮೊದಲೇ ಕೈಸೇರಿದವು. ಅವರು ಅದನ್ನು ನನ್ನ ಕಸುಬಿನ ನಿಷ್ಠೆ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮೀನಿನ ಚಿತ್ರವಿದ್ದ ಕ್ಯಾಲೆಂಡರನ್ನೂ ನಮ್ಮವ್ವ ಅಡುಗೆಮನೆಯಲ್ಲಿ ತೂಗುಹಾಕಲು ಬಿಡುತ್ತಿರಲಿಲ್ಲ. ಆದರೆ ಅವಳ ತವರು ಮಮದಾಪುರ, ಅಲ್ಲಿ ದೊಡ್ಡ ಹಳೆಯ ಕೆರೆ. ರಜೆಗೆ ಹೋದಾಗ ನಾನೂ ತಮ್ಮ ಗುರುಪಾದನೂ ಆ ಕೆರೆಯ ದಂಡೆಯಲ್ಲೇ ಇರುತ್ತಿದ್ದೆವು. ಹಿಡಿದ ಮೀನನ್ನು ಮುಟ್ಟಿ, ನೋಡಿ, ಮರಳಿ ನೀರಿಗೆ ಬಿಟ್ಟು, ಕೈ ಮೂರು ಸಲ ತೊಳೆದು, ಏನೂ ಅರಿಯದ ಮುಖ ಹೊತ್ತು ಮನೆಗೆ ಬರುತ್ತಿದ್ದೆವು. ಗಾಳ ಕಟ್ಟುವುದನ್ನು ಅವನಿಗೆ ಕಲಿಸಿದವನು ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುವುದು ನನ್ನ ರೂಢಿ. ಏಕೆಂದರೆ ನಾನು ಅವನಿಗೆ ಕಲಿಸಿದ್ದು ಅದೊಂದೇ. ಏಳನೆಯ ತರಗತಿಯಲ್ಲಿ ಶಾಲೆಯೂ ನಾನೂ ಜಗಳವಿಲ್ಲದೆ ಬೇರೆಯಾದೆವು. ಅವನು ಓದಿ, ವಿಜಯಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದ. ಮನೆಯಲ್ಲಿ ಅರ್ಜಿ ಬರೆಯಬೇಕಾದರೆ ಅವನು, ಫ್ಯೂಜು ಹೋದರೆ ನಾನು. ಕೆರೆಯ ದಂಡೆಯಲ್ಲಿ ಮಾತ್ರ ನಾನು ಅಣ್ಣನಾಗಿರುತ್ತಿದ್ದೆ.

ಕಳೆದ ವರ್ಷ ಮಮದಾಪುರದ ಕೆರೆಯಲ್ಲಿ ಗೆಂಡೆ ಮೀನು ಹಿಡಿಯುವ ಪಂದ್ಯ ಇಟ್ಟರು. ಇಬ್ಬರಿಬ್ಬರ ಜೋಡಿ, ಜೋಡಿಗೆ ಒಂದೇ ಕೋಲು. ಒಬ್ಬ ಗಾಳ ಹಾಕಬೇಕು, ಇನ್ನೊಬ್ಬ ಹಿಟ್ಟಿನ ಉಂಡೆ ಕಟ್ಟಬೇಕು. ಹಿಡಿದ ಮೀನನ್ನು ನೀರಲ್ಲೇ ಇಳಿಬಿಟ್ಟ ಬಲೆಯ ಚೀಲದಲ್ಲಿ ಜೀವಂತ ಇಟ್ಟು, ಕೊನೆಗೆ ತೂಗಿ, ಕೆರೆಗೇ ಬಿಡಬೇಕು. ನಮ್ಮ ಮನೆತನಕ್ಕೆಂದೇ ಬರೆದಂಥ ನಿಯಮ.

ಗುರುಪಾದ ಒಂದು ತಿಂಗಳು ಮೊಬೈಲಿನಲ್ಲಿ ಗೆಂಡೆ ಹಿಡಿಯುವ ವಿಲಾಯತಿ ದೊರೆಗಳ ವೀಡಿಯೊ ನೋಡಿದ. ಅವರು ಕೆರೆಯ ದಂಡೆಗೆ ಹೋಗುವುದು ಮೀನು ಹಿಡಿಯಲು ಅಲ್ಲವಂತೆ, ಮನಸ್ಸನ್ನು ಹಿಡಿಯಲು. ಎದುರಾಳಿಯ ಚೀಲದ ಕಡೆ ನೋಡಬಾರದು. ತಪ್ಪಿಹೋದ ಮೀನನ್ನು ನೆನೆಯಬಾರದು. ನೆರಳು ನೀರಿನ ಮೇಲೆ ಬೀಳದಂತೆ ಕೂರಬೇಕು. ಮೀನು ಎಳೆದಾಗ ನಾವು ಬಿಡಬೇಕು, ಅದು ಬಿಟ್ಟಾಗ ನಾವು ಎಳೆಯಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಆದರೂ ತಲೆಯಾಡಿಸಿದೆ. ಎಲ್ಲಕ್ಕಿಂತ ಮುಖ್ಯ ತಂತ್ರವೆಂದರೆ, ಮೀನಿಗೆ ತಿನಿಸನ್ನು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಹಾಕಬೇಕು. ಗೆಂಡೆಗೆ ನಮ್ಮಂತೆ ಹೊಟ್ಟೆಯ ಚೀಲವೇ ಇಲ್ಲ, ಬರೀ ಕರುಳು, ಅದಕ್ಕೇ ಅದು ದಿನವಿಡೀ ಮೇಯುತ್ತದೆ ಎಂದ ತಮ್ಮ. ಹೊಟ್ಟೆಯೇ ಇಲ್ಲದ ಜೀವಿಗೆ ಹೊಟ್ಟೆಕಿಚ್ಚೂ ಇರಲಿಕ್ಕಿಲ್ಲ. ಆ ಸೌಕರ್ಯ ದಂಡೆಯ ಮೇಲೆ ಕೂತವರಿಗೆ ಇರಲಿಲ್ಲ.

ಕೋಲು ಯಾರು ಹಿಡಿಯಬೇಕು ಎಂಬುದು ನನ್ನ ಪ್ರಕಾರ ಕೇಳುವ ಮಾತೇ ಅಲ್ಲ. ಅವನ ಪ್ರಕಾರವೂ ಅಲ್ಲ. "ಯಣ್ಣಾ, ಉಂಡಿ ನೀ ಕಟ್ಟು, ಕೋಲ ನಾ ಹಿಡಿತೀನಿ. ನಿನ್ನ ಕೈಯಾಗಿನ ಹದ ಯಾರಿಗೂ ಬರೂದಿಲ್ಲ" ಎಂದ. ಹೊಗಳಿಕೆಯಲ್ಲಿ ಸುತ್ತಿ ಕೊಟ್ಟಿದ್ದರಿಂದ ಬೇಡ ಎನ್ನಲೂ ಆಗಲಿಲ್ಲ. ಜೋಳದ ಹಿಟ್ಟು, ಶೇಂಗಾ ಹಿಂಡಿ, ಬೆಲ್ಲ ಕಲಸಿ ಒಂದು ದೊಡ್ಡ ಡಬ್ಬಿ ತುಂಬ ಉಂಡೆ ಕಟ್ಟಿದೆ. ನಿಜ ಹೇಳಬೇಕೆಂದರೆ ಹದ ಚೆನ್ನಾಗಿತ್ತು. ದಾರಿಯಲ್ಲಿ ನಾನೇ ಎರಡು ತಿಂದೆ.

ಪಂದ್ಯದ ದಿನ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಹೊತ್ತು. ಚೀಟಿ ಎತ್ತಿದಾಗ ನಮಗೆ ಜಾಲಿ ಗಿಡದ ಪಕ್ಕದ ಜಾಗ ಬಂತು. ನಾನು ಹತ್ತು ನಿಮಿಷಕ್ಕೊಮ್ಮೆ ಎರಡು ಉಂಡೆ ನೀರಿಗೆ ಎಸೆಯುತ್ತಿದ್ದೆ, ಗುರುಪಾದ ಅದೇ ಜಾಗಕ್ಕೆ ಗಾಳ ಬಿಡುತ್ತಿದ್ದ. ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಅಲುಗುವುದು, ಮುಳುಗುವುದು, ಮೀನು ಬರುವುದು. ಮಧ್ಯಾಹ್ನ ಒಂದರ ಹೊತ್ತಿಗೆ ನಮ್ಮ ಚೀಲವೇ ಎಲ್ಲರಿಗಿಂತ ಭಾರವಾಗಿ ತೂಗುತ್ತಿತ್ತು. ಹಿಂದೆ ನಿಂತ ಜನ, "ಮಾಸ್ತರ್ ಕೈ ಏನ್ ಕೈರಿ" ಎಂದು ಪಿಸುಗುಟ್ಟುತ್ತಿದ್ದರು. ಆ ಕೈಗೆ ಗಂಟು ಹಾಕಲು ಕಲಿಸಿದ ಇನ್ನೊಂದು ಕೈ ಪಕ್ಕದಲ್ಲೇ ಹಿಟ್ಟು ಮೆತ್ತಿಕೊಂಡು ಕೂತಿತ್ತು. ಅದನ್ನು ಯಾರೂ ನೋಡಲಿಲ್ಲ. ತಪ್ಪು, ಒಬ್ಬ ನೋಡಿದ. ಪಕ್ಕದ ಜಾಗದ ಕಾಖಂಡಕಿಯ ಜೋಡಿಯಲ್ಲಿದ್ದ ಹಾಲಿನ ಡೇರಿಯವನು ನನ್ನತ್ತ ಬಾಗಿ ಕೇಳಿದ: "ಮಾಸ್ತರ್ ಹೊಲದಾಗ ದುಡಿಯಾವ ಏನ್ಪಾ ನೀ?"

ನಾನು ತಮ್ಮನ ಮುಖ ನೋಡಿದೆ. ಅವನು ಬೆಂಡಿನ ಮೇಲಿಂದ ಕಣ್ಣು ಕೀಳದೆ, "ಸಾವಕಾಶ ಮಾತಾಡ್ರಿ, ಮೀನಾ ಓಡತಾವ" ಎಂದಷ್ಟೇ ಹೇಳಿದ.

ಎದುರಾಳಿಯ ಚೀಲ ನೋಡಬಾರದು ಎಂದು ದೊರೆಗಳು ಹೇಳಿದ್ದರು. ಸ್ವಂತ ತಮ್ಮನ ಚೀಲ ನೋಡಿ ಕರುಳು ಉರಿದರೆ ಏನು ಮಾಡಬೇಕೆಂದು ಯಾವ ವೀಡಿಯೊದಲ್ಲೂ ಹೇಳಿರಲಿಲ್ಲ. ನಾನು ಡಬ್ಬಿಯನ್ನು ಎತ್ತಿ, ಉಳಿದ ಉಂಡೆಗಳನ್ನೆಲ್ಲ ನಮ್ಮದೇ ಜಾಗದ ನೀರಿಗೆ ಸುರಿದೆ. ಒಂದೂ ಉಳಿಸಲಿಲ್ಲ. ಡಬ್ಬಿಯ ತಳಕ್ಕೆ ಅಂಟಿದ್ದನ್ನೂ ಕೆರೆದು ಹಾಕಿದೆ.

ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಗುಳ್ಳೆಗಳು ಎದ್ದವು, ಹೋಳಿಗೆಗೆ ಹಾಕಿದ ಬೇಳೆ ಕುದಿದಂತೆ. ಕೆರೆಯ ಗೆಂಡೆಗಳೆಲ್ಲ ನಮ್ಮ ಪಂಕ್ತಿಗೇ ಬಂದಿದ್ದವು. ಆದರೆ ಬೆಂಡು ಅಲುಗಲಿಲ್ಲ. ಬಿಟ್ಟಿಯಾಗಿ ಅಷ್ಟು ಉಂಡೆ ಬಿದ್ದಿರುವಾಗ ಕೊಕ್ಕೆಗೆ ಸಿಕ್ಕಿಸಿದ ಒಂದನ್ನೇ ಹುಡುಕಿ ತಿನ್ನುವಷ್ಟು ನಮ್ಮ ಋಣ ಯಾವ ಮೀನಿನ ಮೇಲೂ ಇರಲಿಲ್ಲ. ಪೂರ್ತಿ ಒಂದು ಗಂಟೆ ತಮ್ಮ ಕಲ್ಲಿನಂತೆ ಕೂತ. ಕಾಖಂಡಕಿಯವರು ಎರಡು ಗೆಂಡೆ ಎಳೆದರು. ಕೊನೆಗೆ ತಕ್ಕಡಿಯಲ್ಲಿ ನಾವು ಸೋತದ್ದು ಒಂದು ಬದನೆಕಾಯಿಯಷ್ಟು ತೂಕಕ್ಕೆ.

ಜನ ನನ್ನ ಪರವಾಗಿಯೇ ಮಾತಾಡಿದರು. "ಪಾಪ, ತಮ್ಮ ಗೆಲ್ಲಲೆಂತ ಪ್ರೀತಿಲೆ ಹಾಕ್ಯಾನ್ರಿ. ಸಾಲಿ ಕಲಿತಾವ ಅಲ್ಲ, ತಿಳೀಲಿಲ್ಲ." ನನ್ನ ಕಡಿಮೆ ಓದು ಜೀವನದಲ್ಲಿ ಮೊದಲ ಬಾರಿ ಉಪಯೋಗಕ್ಕೆ ಬಂತು. ಮೇಲಾಗಿ ಈ ಸೀಮೆಯಲ್ಲಿ ಅದನ್ನು ಯಾರೂ ಅನುಮಾನಿಸುವಂತಿರಲಿಲ್ಲ. ನಮ್ಮಲ್ಲಿ ಉಪಚಾರವೆಂದರೆ ಒತ್ತಾಯ. ಉಂಡವನು ಸಾಕೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದ ತುಪ್ಪ ಬಿಡುತ್ತೇವೆ. ಹೊಟ್ಟೆ ಬಿರಿಯುವಂತೆ ಉಣಿಸದವನನ್ನು ಜಿಪುಣ ಎನ್ನುತ್ತೇವೆ. ಅಂಥ ಸೀಮೆಯವನು ಮೀನಿಗೂ ಹಾಗೇ ಬಡಿಸಿದರೆ ಅದು ದಡ್ಡತನವೇ ಹೊರತು ದ್ರೋಹ ಹೇಗಾದೀತು? ನಾನು ಪ್ರೀತಿಯ ಅಣ್ಣನ ಮುಖ ಮಾಡಿಕೊಂಡು ನಿಂತೆ. ಆ ಮುಖ ನನಗೆ ಚೆನ್ನಾಗಿ ಒಪ್ಪುತ್ತದೆ.

ವಾಪಸು ಬರುವಾಗ ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಗುರುಪಾದ ಕೋಲನ್ನು ನನ್ನ ಕೈಗೆ ಕೊಟ್ಟ. "ಇದು ನನಗ ಬ್ಯಾಡ ಯಣ್ಣಾ. ನೀನ ಇಟ್ಕೋ" ಎಂದು ವಿಜಯಪುರದ ಬಸ್ಸು ಹತ್ತಿದ. ಮರುದಿನದಿಂದ ಗಾಳದ ಮಾತೇ ಎತ್ತಲಿಲ್ಲ. ಮೊಬೈಲಿನ ವೀಡಿಯೊಗಳನ್ನೂ ಅಳಿಸಿದನಂತೆ. ಎಂಟು ವರ್ಷದವನಿದ್ದಾಗಿನಿಂದ ನೀರು ಕಂಡರೆ ನಿಲ್ಲುತ್ತಿದ್ದವನು, ನಾನು ಸುರಿದ ಒಂದು ಡಬ್ಬಿ ಹಿಟ್ಟಿಗೆ ಕೆರೆಯನ್ನೇ ಬಿಟ್ಟಿದ್ದ. ಪಂದ್ಯ ಹೋದರೆ ಹೋಗಲಿ, ನಾನು ಕಲಿಸಿದ್ದ ಒಂದೇ ಒಂದು ವಿದ್ಯೆಯನ್ನು ನಾನೇ ಅವನಿಂದ ಕಸಿದುಕೊಂಡಿದ್ದೆ.

ಎಂಟು ತಿಂಗಳಿಗೆ, ಒಂದು ಭಾನುವಾರ ಮಧ್ಯಾಹ್ನ, ಕೋಲನ್ನು ಹೊತ್ತು ವಿಜಯಪುರಕ್ಕೆ ಹೋದೆ. ಬಸ್ಸಿನಲ್ಲಿ ಅದು ಮೂವರ ಕಣ್ಣಿಗೆ ತಿವಿಯಲು ನೋಡಿತು. ಅವನ ಹೆಂಡತಿ ಸಾವಿತ್ರಿ ಹೋಳಿಗೆ ಮಾಡಿದ್ದಳು. ಊಟಕ್ಕೆ ಕೂತು, ಮೊದಲ ಹೋಳಿಗೆ ಮುರಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ತಿಳಿಯದೆ ಹಾಕಿದ್ದಲ್ಲ, ತಿಳಿದೇ ಸುರಿದದ್ದು, ಅವನು ಗೆಲ್ಲುವುದನ್ನು ನೋಡಲಾಗದೆ ಸುರಿದದ್ದು ಎಂದೆ.  ಗುರುಪಾದ ನಾನು ಆ ಹೋಳಿಗೆ ತಿಂದು ಮುಗಿಸುವವರೆಗೆ ಕಾಯ್ದು, ಹೆಂಡತಿಗೆ ಹೇಳಿದ.

"ಅಣ್ಣಗ ಇನ್ನೊಂದ ಹಾಕು."

ಹಾಕಿದಳು. ತಿಂದೆ. ಮತ್ತೊಂದು ಹಾಕಿಸಿದ. ಅಪರಾಧಿಗೆ ಬೇಡ ಎನ್ನುವ ಹಕ್ಕಿಲ್ಲವೆಂದು ಅದನ್ನೂ ತಿಂದೆ. ನಾಲ್ಕನೆಯದಕ್ಕೆ ತಾಟಿನ ಮೇಲೆ ಎರಡೂ ಕೈ ಇಟ್ಟೆ.

"ಸಾಕಪ್ಪ, ಉಸಿರ ಹಿಡಿಯಾಕತ್ತೈತಿ."

"ನನ್ನ ಮೀನಾನೂ ಅವತ್ತ ಹಿಂಗ ಅಂದಿರಬೇಕು" ಎಂದು, ಬೆರಳ ಸಂದಿನಿಂದ ತುಪ್ಪ ಬಿಟ್ಟ.

ಸಾವಿತ್ರಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅವನು ಮಾತ್ರ ನಗಲಿಲ್ಲ. ತುಪ್ಪದ ಬಟ್ಟಲನ್ನು ಕೆಳಗಿಟ್ಟು, ಅದನ್ನೇ ನೋಡುತ್ತ ಹೇಳಿದ: "ಡೇರಿಯಾವ ಕೇಳಿದ್ದು ನನಗ ಕೇಳಿಸಿತ್ತಣ್ಣಾ. ಇವ ನಮ್ಮಣ್ಣ ಅಂತ ಅನ್ನಬೇಕಂದ್ರ, ಬೆಂಡ ಅಲುಗಾಕತ್ತಿತ್ತು. ಆಮ್ಯಾಲೆ ಆ ಕೋಲ ಹಿಡಿಯಾಕ ಮನಸ್ಸ ಆಗಲಿಲ್ಲ."

ಎಂಟು ತಿಂಗಳು ನಾನು ಒಬ್ಬನೇ ಅಪರಾಧಿಯೆಂದು ಮೆರೆಯುತ್ತಿದ್ದೆ. ಅದರಲ್ಲೂ ಅವನು ಪಾಲು ಕೇಳಿದ. ಆಸ್ತಿಯಲ್ಲಿ ಕೇಳಿದ್ದರೆ ಇಷ್ಟು ಸುಲಭವಾಗಿ ಕೊಡುತ್ತಿರಲಿಲ್ಲ.

ಈ ಸಲದ ಪಂದ್ಯಕ್ಕೆ ಹೆಸರು ಕೊಟ್ಟಿದ್ದೇವೆ. ಕೋಲು ಅವನದೇ, ಉಂಡೆ ನನ್ನದೇ. ಡಬ್ಬಿ ಮಾತ್ರ ಅವನ ಮೊಣಕಾಲ ಕೆಳಗೆ ಇರಬೇಕೆಂದು ಹೊಸ ತಂತ್ರ. ಯಾರಾದರೂ ನನ್ನನ್ನು ಆಳೇ ಎಂದು ಕೇಳಿದರೆ ಗಾಳ ಬಿಟ್ಟು ಎದ್ದು ನಿಂತು ಉತ್ತರ ಕೊಡುತ್ತಾನಂತೆ. ನಾನು ಹೇಳಿದ್ದೇನೆ, ಮೊದಲು ಬೆಂಡು ನೋಡು, ಮೀನು ಓಡಿಹೋಗುತ್ತದೆ. ನಾನು ಇಲ್ಲೇ ಕೂತಿರುತ್ತೇನೆ.