ಮುಚ್ಚಿದ ಸಂದು

ಮೈಸೂರು ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಬೆಂಗಳೂರು ರಸ್ತೆಯ ಸೇತುವೆಯ ಬಳಿ ಬಸ್ಸು ನಿಂತಿತು. ಅರ್ಧ ಸೇತುವೆಗೆ ಕಲ್ಲು ಅಡ್ಡ ಇಟ್ಟು ರಿಪೇರಿ ಮಾಡುತ್ತಿದ್ದರು. ಎದುರಿನ ಕಬ್ಬಿನ ಗಾಡಿಗಳ ಸಾಲು ಮುಗಿಯುವವರೆಗೆ ನಮಗೆ ದಾರಿಯಿಲ್ಲ. ಇಳಿದು ಹೋದೆ. ಮುದುಕ ಮೇಸ್ತ್ರಿಯೊಬ್ಬ ಕಾಂಕ್ರೀಟಿನ ಎರಡು ಹಾಸುಗಳ ನಡುವಿನ ಹಳೆಯ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆಯುತ್ತಿದ್ದ. ಅಂಚುಗಳೆಲ್ಲ ಪುಡಿಪುಡಿಯಾಗಿದ್ದವು.

“ಇಲ್ಲಿ ಸಂದು ಇತ್ತು ಸಾಮಿ. ಕೆಲಸ ಕೆಟ್ಟದೆ ಅಂದ್ಕೊಂಡು ನಾನೇ ಮುಚ್ಬುಟ್ಟೆ,” ಎಂದ. “ಬಿಸ್ಲಿಗೆ ಸೇತುವೆ ಹಿಗ್ತದೆ, ಅದಕ್ಕೇ ಜಾಗ ಬಿಟ್ಟವ್ರೆ ಅಂತ ಆಗ ಯಾರೂ ಹೇಳ್ನಿಲ್ಲ.”

ಅಷ್ಟು ದಪ್ಪ ಕಾಂಕ್ರೀಟು ಹಿಗ್ಗುತ್ತದೆಂಬುದು ನನಗೂ ಗೊತ್ತಿರಲಿಲ್ಲ.

“ಈ ಸಲ ಸಂದು ಬಿಡ್ತೀಯೇನಪ್ಪ?”

ಉತ್ತರ ಕೊಟ್ಟವರು ಛತ್ರಿ ಹಿಡಿದು ನಿಂತಿದ್ದ ಓವರ್ಸಿಯರು. “ದಸರಾಕ್ಕೆ ದೊಡ್ಡವರ ಕಾರು ಬರ್ತವೆ ಕಣ್ರೀ. ಇಲ್ಲಿ ದಡಕ್ ಅಂದ್ರೆ ನನ್ನ ಕೆಲಸ ಹೋಗುತ್ತೆ,” ಎಂದು ಮೇಸ್ತ್ರಿಯ ಕಡೆ ತಿರುಗಿ, “ಮುಚ್ಚಯ್ಯ, ಹೋದ ವಾರ ಆ ಕಡೆ ಮುಚ್ಚಿದ ಹಾಗೇ ನುಣ್ಣಗೆ ಮುಚ್ಚು,” ಎಂದರು.

ಮೇಸ್ತ್ರಿ ತಾನೇ ಬಿಡಿಸಿದ ಸಂದಿಗೆ ಹೊಸ ಸಿಮೆಂಟು ತುಂಬಿದ. ಮತ್ತೆ ಒಡೆಯುತ್ತದೆಂದು ಗೊತ್ತಿದ್ದೂ ಕೆಟ್ಟದಾಗಿ ಮಾಡಲು ಅವನ ಕೈಗೆ ಬರಲಿಲ್ಲ. ದೇವರ ಮನೆಯ ನೆಲವೇನೋ ಎಂಬಂತೆ ಕರಣೆಯಲ್ಲಿ ತೀಡಿ ತೀಡಿ ನುಣುಪು ಮಾಡಿದ. ಕಬ್ಬಿನ ಗಾಡಿಗಳು ಮುಗಿದವು; ನಾನು ಬಸ್ಸು ಹತ್ತಿದೆ.

ಹೋದ ವಾರ ಅವನೇ ಸಂದು ಮುಚ್ಚಿದ್ದ ಸೇತುವೆಯ ಇನ್ನರ್ಧದ ಮೇಲೆ ಬಸ್ಸು ಒಂದಿಷ್ಟೂ ಕುಲುಕದೆ ದಾಟಿತು. ನನ್ನ ಪಕ್ಕದವರು ಕಿಟಕಿಯಿಂದ ತಲೆ ಹೊರಹಾಕಿ, “ಭೇಷ್ ಮೇಸ್ತ್ರಿ! ರಸ್ತೆ ಅಂದ್ರೆ ಹಿಂಗಿರ್ಬೇಕು,” ಎಂದು ಕೂಗಿದರು.

ಅವನು ಕರಣೆ ಹಿಡಿದುಕೊಂಡೇ ಕೈ ಮುಗಿದ.